ಸೈಕಲ್ ಹತ್ತದ ಬೆಂಡ್ ಮೇಸ್ತ್ರಿ

ಊರಿನಲ್ಲಿ ಯಾರ ಸೈಕಲ್ಲಿನ ಚಕ್ರ ಸೊಟ್ಟಗಾದರೂ ಅದು ಬಂದು ನಿಲ್ಲುತ್ತಿದ್ದದ್ದು ಬೆಂಡ್ ಮೇಸ್ತ್ರಿಯ ಅಂಗಡಿಯ ಮುಂದೆ. ಪಂಕ್ಚರ್ ಹಾಕುವವರು ಬೀದಿಗೆ ಇಬ್ಬರಿದ್ದರು, ಚೈನು, ಬ್ರೇಕು ನೋಡುವವರು ಇನ್ನೂ ಹೆಚ್ಚು. ಬೆಂಡ್ ತೆಗೆಯುವವನು ಮಾತ್ರ ಇವನೊಬ್ಬನೇ. ಹೆತ್ತವರು ಇಟ್ಟ ಹೆಸರೊಂದು ಅವನಿಗೂ ಇತ್ತು, ಆದರೆ ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಅದು ಬೇರೆಲ್ಲೂ ಕೆಲಸಕ್ಕೆ ಬರುತ್ತಿರಲಿಲ್ಲ. ಎಂಟಡಿ ಅಗಲದ ಅಂಗಡಿ, ಮಾಡಿನಿಂದ ನೇತುಬಿದ್ದ ಹಳೇ ರಿಮ್ಮುಗಳು, ಗ್ರೀಸಿನ ವಾಸನೆ. ಹಿಂದಿನ ಬಾಗಿಲು ತೆಗೆದರೆ ಮನೆಯ ಅಡುಗೆಕೋಣೆ.

ಕೆಲಸ ನೋಡುವುದಕ್ಕೆ ಸುಲಭ. ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಿದ್ದ, ಚಕ್ರವನ್ನು ಒಮ್ಮೆ ತಿರುಗಿಸಿ ಬಿಡುತ್ತಿದ್ದ, ಸೀಮೆಸುಣ್ಣದ ತುಂಡೊಂದನ್ನು ರಿಮ್ಮಿಗೆ ತಾಗಿಯೂ ತಾಗದಂತೆ ಹಿಡಿಯುತ್ತಿದ್ದ. ರಿಮ್ಮು ಎಲ್ಲಿ ಪಕ್ಕಕ್ಕೆ ವಾಲುತ್ತದೋ ಅಲ್ಲಿ ಬಿಳಿ ಗೆರೆ ಬೀಳುತ್ತಿತ್ತು. ಅಷ್ಟನ್ನು ಯಾರಾದರೂ ಮಾಡಿಯಾರು. ಬೇರೆಯವರು ಸೋಲುತ್ತಿದ್ದದ್ದು ಅಲ್ಲಿಂದ ಮುಂದೆ. ಗೆರೆಗೆ ಎದುರು ಬದಿಯ ಸ್ಪೋಕ್ ಕಡ್ಡಿಗಳನ್ನು ಬಿಗಿ ಮಾಡುತ್ತಿದ್ದರು, ಸಾಲದೆಂದು ಮತ್ತೆ ಬಿಗಿ ಮಾಡುತ್ತಿದ್ದರು, ನೆಟ್ಟಗಾಯಿತು ಎಂದು ಕೊಟ್ಟು ಕಳಿಸುತ್ತಿದ್ದರು. ನಾಲ್ಕು ದಿನ ಕಳೆದು ಒಂದು ಮಟಮಟ ಮಧ್ಯಾಹ್ನ ಆ ಚಕ್ರ ಢಂ ಎಂದು ಎಂಟರ ಅಂಕಿಯಂತೆ ಮಡಚಿಕೊಳ್ಳುತ್ತಿತ್ತು. ಮೇಸ್ತ್ರಿ ಹಾಗಲ್ಲ. ಒಂದು ಕಡೆ ಕಾಲು ಸುತ್ತು ಬಿಗಿ ಮಾಡಿದರೆ ಇನ್ನೊಂದು ಕಡೆ ಕಾಲು ಸುತ್ತು ಸಡಿಲ ಮಾಡುತ್ತಿದ್ದ. "ಬಿಗಿ ಮಾಡೋಕೆ ಯಾರಿಗೆ ಬರಲ್ಲ? ಕೋಪ ಇದ್ರೆ ಸಾಕು. ಸಡಿಲ ಮಾಡೋಕೆ ಬರ್ಬೇಕು" ಎನ್ನುವ ಅವನ ಮಾತು ಗಿರಾಕಿಗಳಿಗೆಲ್ಲ ಬಾಯಿಪಾಠವಾಗಿತ್ತು.

ಇಷ್ಟು ಚೆನ್ನಾಗಿ ಮಾತಾಡುವವನು ತಾನು ಹೇಗಿದ್ದ ಎಂದು ಕೇಳಬಾರದು. ಐವತ್ತು ವರ್ಷ ದಾಟಿದರೂ ಕುರ್ಚಿಗೆ ಬೆನ್ನು ಎಂಬುದೊಂದು ಇದೆ ಎಂದು ಅವನಿಗೆ ಗೊತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತರೆ ಗೂಟ ಹೊಡೆದ ಹಾಗೆ. ನಗು ಬಂದರೆ ಕೆಮ್ಮಿಬಿಡುತ್ತಿದ್ದ. ಅಂಗಿಯ ಕೊರಳಿನ ಗುಂಡಿಯನ್ನು ಎಂಥ ಸೆಕೆಯಲ್ಲೂ ಬಿಚ್ಚಿದವನಲ್ಲ. ಸಂಜೆ ಪೇಪರು ಹಿಡಿದು ಅಂಗಡಿಯ ಬೆಂಚಿನ ಮೇಲೆ ಬಂದು ಕೂರುತ್ತಿದ್ದ ನಿವೃತ್ತ ಹೆಡ್‌ಮಾಸ್ತರು, ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವರು, ಒಂದು ಸಲ ಸುಮ್ಮನಿರಲಾರದೆ ಕೆಣಕಿದರು.

"ಮೇಸ್ತ್ರಿ, ನಿಮ್ಮ ಕೆಲಸಕ್ಕೆ ಇಂಗ್ಲಿಷಲ್ಲಿ ಒಂದು ಪದ ಇದೆ. ಅನ್‌ಬೆಂಡ್ ಅಂತ. ಸೊಟ್ಟ ಆಗಿರೋದನ್ನ ನೆಟ್ಟಗೆ ಮಾಡೋದಕ್ಕೂ ಅದೇ ಪದ, ಬಿಗಿದುಕೊಂಡಿರೋ ಮನುಷ್ಯ ಸ್ವಲ್ಪ ಸಡಿಲ ಆಗಿ ನಾಲ್ಕು ಮಾತಾಡೋದಕ್ಕೂ ಅದೇ ಪದ. ಹಡಗಿನವರು ಹಾಯಿ ಕಟ್ಟಿದ್ದನ್ನ ಬಿಚ್ಚೋದಕ್ಕೂ ಅದನ್ನೇ ಅಂತಾರೆ."

"ಮೂರಾಳಿನ ಕೆಲಸ ಒಂದೇ ಆಳು ಮಾಡುತ್ತೆ ಅನ್ನಿ. ಪಾಪ," ಎಂದ ಮೇಸ್ತ್ರಿ.

"ಎರಡನೇ ಕೆಲಸ ನೀವು ಮಾಡಿದ್ದನ್ನ ನಾನಿನ್ನೂ ನೋಡಿಲ್ಲ."

"ನಮ್ಮ ಬೋರ್ಡಲ್ಲಿ ಮೊದಲನೇದು ಮಾತ್ರ ಬರೆದಿದೆ, ಸಾರ್."

ಹೆಡ್‌ಮಾಸ್ತರಿಗೆ ಇವನ ಮೇಲೆ ಇನ್ನಿಲ್ಲದ ಗೌರವ. ಅದಕ್ಕೆ ಕಾರಣ ಚಕ್ರವಲ್ಲ, ನಡಿಗೆ. ಮೇಸ್ತ್ರಿ ಯಾವ ಸೈಕಲ್ಲನ್ನೂ ಹತ್ತುತ್ತಿರಲಿಲ್ಲ. ಅಂಗಡಿಯಲ್ಲಿ ಸದಾ ಹತ್ತು ಹನ್ನೆರಡು ಸೈಕಲ್ ನಿಂತಿರುತ್ತಿದ್ದವು. ರಿಪೇರಿಯವನೆಂದರೆ ಗಿರಾಕಿಯ ಸೈಕಲ್ಲಿನಲ್ಲಿ ಮಾರ್ಕೆಟ್ಟು, ಸಿನಿಮಾ, ನೆಂಟರ ಮನೆ ಎಲ್ಲ ಸುತ್ತಿ ಬರುವುದು ಲೋಕರೂಢಿ. ಇವನು ಮಾತ್ರ ಬೆನ್ನು ಸೆಟೆಸಿಕೊಂಡು, ಸೈಕಲ್ಲನ್ನು ಪಕ್ಕದಲ್ಲಿ ತಳ್ಳಿಕೊಂಡು, ನಡೆದೇ ಹೋಗಿ ಮನೆಬಾಗಿಲಿಗೆ ಮುಟ್ಟಿಸುತ್ತಿದ್ದ. ಬೆಂಡ್ ಸರಿಹೋಗಿದೆಯೋ ಇಲ್ಲವೋ ಎಂದು ಓಡಿಸಿ ನೋಡುವುದಕ್ಕೂ ಕೂರುತ್ತಿರಲಿಲ್ಲ. "ನಿಮ್ಮ ಗಾಡಿ, ನೀವೇ ಒಂದು ಸುತ್ತು ಹೋಗ್ಬನ್ನಿ" ಎಂದು ಕೈಕಟ್ಟಿ ನಿಲ್ಲುತ್ತಿದ್ದ. ಹೆಡ್‌ಮಾಸ್ತರು ಎರಡು ತಲೆಮಾರಿನ ಮಕ್ಕಳಿಗೆ ಇದನ್ನು ಪಾಠ ಮಾಡಿದ್ದರು: ನೋಡಿ, ಇನ್ನೊಬ್ಬರ ವಸ್ತುವನ್ನು ಕೈಯಿಂದ ಮುಟ್ಟುತ್ತಾರೆ, ಅದೂ ಸರಿಮಾಡುವುದಕ್ಕೆ, ಅದರ ಮೇಲೆ ಕೂರುವುದಿಲ್ಲ.

ನಿಜ ಸಂಗತಿ ಏನೆಂದರೆ ಮೇಸ್ತ್ರಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ.

ಬರುತ್ತಿರಲಿಲ್ಲ ಎಂದರೆ ಬರುತ್ತಿರಲಿಲ್ಲ, ಅಷ್ಟೇ. ಒಂಬತ್ತನೇ ವಯಸ್ಸಿನಲ್ಲಿ ಒಮ್ಮೆ, ಹದಿನೇಳರಲ್ಲಿ ಒಮ್ಮೆ ಹತ್ತಿ ನೋಡಿದ್ದ. ಸೀಟಿನ ಮೇಲೆ ಕೂತ ಕೂಡಲೇ ಎರಡು ತೋಳೂ ಮರಗಟ್ಟುತ್ತಿದ್ದವು, ಹ್ಯಾಂಡಲ್ಲು ಅತ್ತಿತ್ತ ಆಡುತ್ತಿರಲಿಲ್ಲ, ಸೈಕಲ್ಲು ಯಾವ ಕಡೆ ವಾಲಿತೋ ಇವನೂ ಅದರ ಜೊತೆ ಅದೇ ಕಡೆ. ಕೊನೆಯ ಸಲ ಮದುವೆಗೆ ಎರಡು ತಿಂಗಳಿರುವಾಗ, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಹಳೇ ಗೋದಾಮಿನ ಹಿಂದೆ ಗಿರಾಕಿಯೊಬ್ಬರ ಸೈಕಲ್ ಹತ್ತಿ ಬಿದ್ದು ರಿಮ್ಮು ಸೊಟ್ಟಗೆ ಮಾಡಿ, ಗಂಟೆಯೊಳಗೆ ತಾನೇ ಬೆಂಡ್ ತೆಗೆದು, ಒಂದು ಮಾತೂ ಹೇಳದೆ ಕೊಟ್ಟು ಬಂದಿದ್ದ. ಅಲ್ಲಿಗೆ ಕೈಬಿಟ್ಟ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದನ್ನು ಕೇಳಿದ್ದೇವೆ. ಆ ಕತ್ತಲೆಯನ್ನೇ ಊರು ಬೆಳಕು ಎಂದು ಕೈಮುಗಿದರೆ ದೀಪವಾದರೂ ಏನು ಮಾಡೀತು? ಜನ ತತ್ವ ಎಂದರು. ಇವನು ಅಲ್ಲವೆನ್ನಲಿಲ್ಲ. ವರ್ಷ ಕಳೆದ ಹಾಗೆ ಇವನಿಗೂ ಅರ್ಧಕ್ಕರ್ಧ ಅದು ತತ್ವವೇ ಇರಬೇಕು ಅನ್ನಿಸತೊಡಗಿತು.

ಸುಳ್ಳು ಅಂಗಡಿಯ ಮುಂಬಾಗಿಲಲ್ಲೇ ನಿಂತಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಅದು ಹಿಂಬಾಗಿಲಿನಿಂದ ಅಡುಗೆಕೋಣೆಗೂ ಹೋಯಿತು.

ಮದುವೆಯಾದ ವರ್ಷವೇ ಹೆಂಡತಿಗೆ ಬಿಸ್ಕತ್ ಕಾರ್ಖಾನೆಯ ಪ್ಯಾಕಿಂಗಿನಲ್ಲಿ ಕೆಲಸ ಸಿಕ್ಕಿತು. ಕಾರ್ಖಾನೆ ಕಾಲುವೆಯ ದಂಡೆ ಹಿಡಿದು ಹೋದರೆ ಮೂರೂವರೆ ಕಿಲೋಮೀಟರು. ಅವಳು ತವರಿನಲ್ಲಿ ತಂಗಿಯನ್ನು ಹಿಂದೆ ಕೂರಿಸಿಕೊಂಡು ಸೈಕಲ್ಲಿನಲ್ಲಿ ಶಾಲೆಗೆ ಹೋಗಿ ಬಂದವಳು. ಮೊದಲ ವಾರ ಕೇಳಿದಳು, "ಇಷ್ಟೊಂದು ಸೈಕಲ್ ಸುಮ್ನೆ ನಿಂತಿವೆಯಲ್ರೀ, ಒಂದು ತಗೊಂಡು ಹೋಗ್ಲಾ?"

"ಗಿರಾಕಿ ಗಾಡಿ ಮೇಲೆ ನಾವು ಕೂರಲ್ಲ."

"ಹಾಗಾದ್ರೆ ನಮ್ದೇ ಒಂದು ಹಳೇದು ಜೋಡಿಸಿ ಕೊಡಿ."

ಮೇಸ್ತ್ರಿ ಹೆದರಿದ. ಮನೆಯಲ್ಲಿ ಸ್ವಂತ ಸೈಕಲ್ ನಿಂತರೆ ಇವತ್ತಲ್ಲ ನಾಳೆ, ಒಂದು ರಜಾದಿನ, ಬನ್ನಿ ಒಂದು ಸುತ್ತು ನೀವು ಹೊಡೀರಿ ನಾನು ಹಿಂದೆ ಕೂರ್ತೀನಿ ಎಂದು ಇವಳು ಹೇಳಿಯೇ ಹೇಳುತ್ತಾಳೆ. ಬಾಯಿಗೆ ಬಂದದ್ದನ್ನು ಹೇಳಿದ: "ನಾನು ನಡೆಯೋದು ಊರಿಗೆಲ್ಲ ಗೊತ್ತು. ನಾನು ನಡೀತಾ ಇದ್ರೆ ನೀನು ಸೈಕಲ್ ಮೇಲೆ ಹೋದ್ರೆ ಚೆನ್ನಾಗಿರುತ್ತಾ? ಗಂಡನ ತತ್ವ ಹೆಂಡತಿಗಿಲ್ಲ ಅಂತಾರೆ."

ಅವಳು ನಂಬಿದಳು. ನಂಬಿ ಸುಮ್ಮನಾಗಿದ್ದರೆ ಒಂದು ಥರ, ಹೆಮ್ಮೆಪಟ್ಟಳು. ಪ್ಯಾಕಿಂಗಿನ ಗೆಳತಿಯರು "ಸೈಕಲ್ ಅಂಗಡಿಯವರ ಹೆಂಡ್ತಿ ನಡ್ಕೊಂಡು ಬರ್ತೀಯಲ್ಲೇ" ಎಂದು ಆಡಿಕೊಂಡರೆ "ನಮ್ಮನೆಯವರು ಹಾಗೇ. ಒಂದು ಸಲ ಅಂದ್ರೆ ಮುಗೀತು" ಎನ್ನುತ್ತಿದ್ದಳು. ಮಕ್ಕಳಾಗಲಿಲ್ಲ, ಕೆಲಸ ಬಿಡಲಿಲ್ಲ. ಇಪ್ಪತ್ತಾರು ವರ್ಷ ನಡೆದಳು. ಬಿಸಿಲಿಗೆ ನಡೆದಳು, ಜ್ವರ ಬಂದಾಗ ನಡೆದಳು, ಈಗ ನಾಲ್ಕು ವರ್ಷದಿಂದ ಮಂಡಿ ಹಿಡಿದುಕೊಂಡು ನಡೆಯುತ್ತಿದ್ದಳು. ಸಂಜೆ ಬಂದವಳೇ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂರುತ್ತಿದ್ದಳು. ಮೇಸ್ತ್ರಿ ನೀರು ಕಾಯಿಸಿ ಇಟ್ಟಿರುತ್ತಿದ್ದ. ಅಷ್ಟರಮಟ್ಟಿಗೆ ಒಳ್ಳೆಯ ಗಂಡ.

ಹೀಗಿರುವಾಗ ನಗರಸಭೆಗೆ ಒಂದು ಒಳ್ಳೆಯ ಬುದ್ಧಿ ಬಂತು. ಅದಕ್ಕೆ ಅಂಥದ್ದು ಬರುವುದು ಅಪರೂಪ. ಬಂದಾಗ ಯಾರಿಗಾದರೂ ಗ್ರಹಚಾರ ಕಾದಿರುತ್ತದೆ. ಕಾಲುವೆಯ ದಂಡೆಯುದ್ದಕ್ಕೂ, ಊರಿನಿಂದ ಬಿಸ್ಕತ್ ಕಾರ್ಖಾನೆಯ ಗೇಟಿನವರೆಗೆ, ಸೈಕಲ್ಲಿಗೆಂದೇ ಒಂದು ನುಣ್ಣನೆಯ ದಾರಿ ಮಾಡಿದರು. ವಾರ್ಡಿನ ಮೆಂಬರು ಅಂಗಡಿಗೆ ಬಂದು ಸ್ಟೂಲು ಎಳೆದು ಕೂತ.

"ಮೇಸ್ತ್ರಿ, ಉದ್ಘಾಟನೆಗೆ ಮಂತ್ರಿ ಬೇಡ, ನಟ ಬೇಡ ಅಂತ ತೀರ್ಮಾನ ಆಗಿದೆ. ಮೊದಲ ಸವಾರಿ ನಿಮ್ದು."

"ಬೇಡ ಸ್ವಾಮಿ. ನಾನು ಸೈಕಲ್ ಹತ್ತಲ್ಲ, ನಿಮಗೆ ಗೊತ್ತಲ್ಲ."

"ಗಿರಾಕಿದು ಹತ್ತಲ್ಲ. ಇದು ಹೊಸಾದು, ನಗರಸಭೆದು. ನಿಮ್ಮ ಹೆಸರಿಗೇ ಕೊಡ್ತೀವಿ. ಈಗ ತತ್ವಕ್ಕೂ ತೊಂದ್ರೆ ಇಲ್ಲ."

ಮೇಸ್ತ್ರಿ ಮತ್ತೊಮ್ಮೆ ಬೇಡ ಎಂದ. ಮೂರನೇ ಸಲವೂ ಅಂದ. ಬೆಂಚಿನ ಮೇಲಿದ್ದ ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. "ಬೇಡ ಅನ್ನೋದು ದೊಡ್ಡವರ ಲಕ್ಷಣ. ನೀವು ಕಾರ್ಡು ಹೊಡೆಸಿಬಿಡಿ," ಎಂದು ಮೆಂಬರಿಗೆ ಹೇಳಿದರು. ಕಾರ್ಡು ಅಚ್ಚಾಗಿ ಬಂತು. ಉದ್ಘಾಟನೆಗೆ ಇನ್ನು ಹದಿನೇಳು ದಿನ.

ಮೇಸ್ತ್ರಿಗೆ ಉಗುಳಲಾಗದ ನುಂಗಲಾಗದ ಬಿಸಿತುಪ್ಪವಾಯಿತು. ಬೆಳಕು ಹರಿಯುವ ಮೊದಲೇ ಎದ್ದು, ಬೇರೆ ದಾರಿಯಿಲ್ಲದೆ ಗಿರಾಕಿಯ ಸೈಕಲ್ಲೊಂದನ್ನು ತಳ್ಳಿಕೊಂಡು, ಹಳೇ ಗೋದಾಮಿನ ಹಿಂದಿನ ಸಿಮೆಂಟಿನ ಅಂಗಳಕ್ಕೆ ಹೋದ. ಇಪ್ಪತ್ತಾರು ವರ್ಷದಲ್ಲಿ ಅಂಗಳ ಬಿರುಕು ಬಿಟ್ಟಿತ್ತು, ಇವನ ತೋಳು ಹಾಗೇ ಇತ್ತು. ಮೊದಲ ದಿನ ಎರಡು ಸಲ ಬಿದ್ದ, ಎರಡನೆಯ ದಿನ ನಾಲ್ಕು ಸಲ. ಹಿಂದಿನಿಂದ ಹಿಡಿದುಕೊಳ್ಳಲು ಒಬ್ಬರು ಬೇಕೆಂಬುದು ಖಾತ್ರಿಯಾಯಿತು. ಆದರೆ ಯಾರನ್ನು ಕರೆಯುವುದು? ಇಡೀ ಊರಿನಲ್ಲಿ ಗುಟ್ಟು ಹೊಟ್ಟೆಯಲ್ಲಿಟ್ಟುಕೊಳ್ಳುವವರು ಒಬ್ಬರೇ ಇದ್ದರು, ಮತ್ತು ಅದನ್ನು ಯಾರಿಗೆ ಹೇಳಲೇಬಾರದೋ ಆ ಒಬ್ಬರೂ ಅವರೇ.

ಆ ಸಂಜೆ ಹೆಂಡತಿ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದಳು. ಮೇಸ್ತ್ರಿ ಬಾಗಿಲ ಬಳಿ ನಿಂತು ಹೇಳಿದ, "ಇವಳೇ, ನಂಗೆ ಸೈಕಲ್ ಹೊಡೆಯೋಕೆ ಬರಲ್ಲ."

"ಬೆನ್ನು ಹಿಡ್ಕೊಂಡಿದೆಯಾ? ಎಣ್ಣೆ ಹಚ್ಚಿಕೊಡ್ತೀನಿ ಬನ್ನಿ."

"ಬೆನ್ನಲ್ಲ. ಬರಲ್ಲ."

"ಯಾವತ್ತಿಂದ?"

"ಯಾವತ್ತೂ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಬಕೆಟ್ಟಿನ ನೀರು ನೆಲಕ್ಕೆ ತುಳುಕಿತು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. "ಬೆಂಡ್ ಮೇಸ್ತ್ರಿಗೆ ಸೈಕಲ್ ಬರಲ್ಲ! ಅಯ್ಯೋ ನನ್ನಪ್ಪಾ." ಮೇಸ್ತ್ರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಷ್ಟೇನಾ, ಇಷ್ಟಕ್ಕೇ ಇಷ್ಟು ವರ್ಷ ಹೆದರಿದೆನಾ ಎಂದುಕೊಂಡ.

ಅಷ್ಟರಲ್ಲಿ ನಗು ನಿಂತಿತು. ಅವಳು ನೀರಿನಲ್ಲಿದ್ದ ತನ್ನ ಕಾಲುಗಳನ್ನು ನೋಡುತ್ತಿದ್ದಳು.

"ಹಾಗಾದ್ರೆ ನಾನ್ಯಾಕೆ ನಡೆದೆ?"

ಮೇಸ್ತ್ರಿ ಬಟ್ಟೆ ತಂದು ತುಳುಕಿದ ನೀರು ಒರೆಸತೊಡಗಿದ. ಉತ್ತರ ಅವಳಿಗಾಗಲೇ ಗೊತ್ತಾಗಿತ್ತು.

"ಹೇಳಿದ್ರೆ ನಾನೇನು ಊರಿಗೆ ಸಾರ್ತಿದ್ನಾ?" ಎಂದಳು. "ಬರಲ್ಲ ಅಂದಿದ್ರೆ ನಾನೇ ನಿಮ್ಮನ್ನ ಹಿಂದೆ ಕೂರಿಸ್ಕೊಂಡು ಹೋಗ್ತಿದ್ದೆ."

ಎರಡು ದಿನ ಮನೆಯಲ್ಲಿ ತಟ್ಟೆ ಲೋಟಗಳಷ್ಟೇ ಮಾತಾಡಿದವು. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಮೇಸ್ತ್ರಿ ಕಾಯಿಸಿಟ್ಟ ಬಿಸಿನೀರನ್ನು ಅವಳು ಮುಟ್ಟಲಿಲ್ಲ, ತಾನೇ ಬೇರೆ ಕಾಯಿಸಿಕೊಂಡಳು. ತನ್ನ ಮೇಲೆ ಕೋಪ ಬಂದರೆ ತಡೆದುಕೊಳ್ಳಬಲ್ಲೆ ಎಂದುಕೊಂಡಿದ್ದ ಮೇಸ್ತ್ರಿಗೆ ಆ ಬೇರೆ ಬಿಸಿನೀರನ್ನು ತಡೆದುಕೊಳ್ಳಲಾಗಲಿಲ್ಲ. ಮೂರನೆಯ ದಿನ ಬೆಳಗಿನ ಜಾವ ಅವಳೇ ಅವನಿಗಿಂತ ಮುಂಚೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಡೀರಿ. ಬಿದ್ದು ಕೈಕಾಲು ಮುರ್ಕೊಂಡ್ರೆ ನೋಡ್ಕೊಳ್ಳೋಳು ನಾನೇ ತಾನೇ."

ಗೋದಾಮಿನ ಅಂಗಳದಲ್ಲಿ ಅವಳು ಸೀಟು ಹಿಡಿದು ಹಿಂದೆ ಓಡಿದಳು, ಆ ಮಂಡಿಯಲ್ಲೇ. "ಕೈ ಸಡಿಲ ಬಿಡಿ. ಹ್ಯಾಂಡಲ್ ಏನು ಕಳ್ಳನಾ, ಹಾಗೆ ಹಿಡ್ಕೊಂಡಿದೀರಿ?" ಎಂದು ಬೈದಳು. ಸಡಿಲ ಬಿಡಬೇಕು ಎಂದುಕೊಂಡಷ್ಟೂ ಅವನ ಬೆರಳು ಬಿಗಿಯಾಗುತ್ತಿತ್ತು. "ಭುಜ ಇಳಿಸಿ. ಉಸಿರು ಬಿಡಿ. ರೀ, ಉಸಿರಾದ್ರೂ ಬಿಡಿ!" ಅವನು ಬಿದ್ದ. ಎತ್ತಿದಳು. ಮತ್ತೆ ಬಿದ್ದ.

"ಇಲ್ಲಿ ಕೊಡಿ, ನೋಡಿ ಕಲೀರಿ," ಎಂದು ಒಂದು ದಿನ ಸೈಕಲ್ ಕಿತ್ತುಕೊಂಡು ತಾನೇ ಹತ್ತಿದಳು. ಇಪ್ಪತ್ತಾರು ವರ್ಷದ ಮೇಲೆ ಮೊದಲ ಸಲ. ಒಂದು ಗಳಿಗೆ ವಾಲಾಡಿದಳು, ಆಮೇಲೆ ಅಂಗಳ ಒಂದು ಸುತ್ತು ಬಂದಳು. ಎರಡನೆಯ ಸುತ್ತಿಗೆ ಒಂದು ಕೈ ಬಿಟ್ಟು ಕೂದಲು ಸರಿಮಾಡಿಕೊಂಡಳು. ಮೂರನೆಯ ಸುತ್ತಿಗೆ ಬರಲೇ ಇಲ್ಲ. ಗೇಟು ದಾಟಿ ರಸ್ತೆಗೆ ಹೋಗಿಬಿಟ್ಟಳು. ಮೇಸ್ತ್ರಿ ಅಂಗಳದ ನಡುವೆ ಒಬ್ಬನೇ ನಿಂತ. ಅವಳು ಹೋಗುವಾಗ ಅವಳ ಬೆನ್ನು ಹುಡುಗಿಯ ಬೆನ್ನಿನ ಹಾಗಿತ್ತು. ಇದನ್ನು ತಾನು ಇವಳಿಂದ ಕಸಿದುಕೊಂಡಿದ್ದೆ ಎನ್ನುವುದು ಅವನಿಗೆ ಆಗ ಗೊತ್ತಾಯಿತು. ಮಂಡಿನೋವು ಕೊಟ್ಟದ್ದಕ್ಕಿಂತ ದೊಡ್ಡ ತಪ್ಪು ಅದು. ಅವನಿಗೆ ಅಳು ಬಂತು. ಅಳುವುದಕ್ಕೂ ಅಭ್ಯಾಸವಿರಲಿಲ್ಲವಾದ್ದರಿಂದ ಕೆಮ್ಮಿದ.

ಕಾಲು ಗಂಟೆ ಬಿಟ್ಟು ಬಂದಳು. ಮುಖ ಕೆಂಪಾಗಿತ್ತು. "ಮರೆತಿಲ್ಲ ನಂಗೆ," ಎಂದಳು, ಅವನಿಗಲ್ಲ, ಸೈಕಲ್ಲಿಗೆ ಹೇಳಿದ ಹಾಗೆ.

ಉದ್ಘಾಟನೆಗೆ ಮೂರು ದಿನವಿದ್ದಾಗ ಅವಳು ತೀರ್ಪು ಕೊಟ್ಟಳು. "ನಿಮಗೆ ಬರಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗಲ್ಲ. ಮೊದಲ ಸವಾರಿ ನಾನು ಹೊಡೀತೀನಿ. ಆದ್ರೆ ಯಾಕೆ ಅಂತ ನೀವು ಮೈಕಲ್ಲಿ ಹೇಳ್ಬೇಕು."

"ಬೆನ್ನುನೋವು ಅಂದ್ರೆ ಸಾಕಲ್ವಾ?"

"ಬೆನ್ನುನೋವು ಅನ್ನೋ ಹಾಗಿದ್ರೆ ನೀವೇ ಹೊಡ್ಕೊಳ್ಳಿ. ನಂಗೆ ಬರಲ್ಲ, ಅದನ್ನ ಮುಚ್ಚಿಡೋಕೆ ಹೆಂಡ್ತೀನ ನಡೆಸಿದೆ ಅಂತ ಹೇಳಿ. ನಾನು ನಡೆದದ್ದು ಇಡೀ ಊರು ನೋಡಿದೆ. ಯಾಕೆ ನಡೆದೆ ಅನ್ನೋದೂ ಗೊತ್ತಾಗ್ಲಿ. ಹೇಳಲ್ಲ ಅಂದ್ರೆ ಬೇಡ. ಆದ್ರೆ ಆಮೇಲೆ ನಿಮ್ಮ ಒಂದು ಮಾತೂ ನಾನು ನಂಬಲ್ಲ. ಬಿಸಿಲಿದೆ ಅಂದ್ರೂ ಹೊರಗೆ ಹೋಗಿ ನೋಡಿ ಬರ್ತೀನಿ."

ಮೇಸ್ತ್ರಿ ಎರಡು ದಿನ ತೂಗಿ ನೋಡಿದ. ಒಂದು ಕಡೆ ಇಪ್ಪತ್ತಾರು ವರ್ಷದ ಹೆಸರು. ಇನ್ನೊಂದು ಕಡೆ, ತಾನು ಬಿಸಿಲು ಎಂದರೆ ಹೊರಗೆ ಹೋಗಿ ನೋಡುವ ಹೆಂಡತಿ. ಅದನ್ನು ನೆನೆಸಿಕೊಂಡರೆ ಊಟ ಸೇರುತ್ತಿರಲಿಲ್ಲ. "ಹೇಳ್ತೀನಿ," ಎಂದ.

ಆ ಬೆಳಿಗ್ಗೆ ಕಾಲುವೆಯ ದಂಡೆಯಲ್ಲಿ ನಾನೂರು ಜನ ಸೇರಿದ್ದರು. ರಿಬ್ಬನ್ನು ಕಟ್ಟಿತ್ತು, ಅದರ ಮುಂದೆ ನಗರಸಭೆಯ ಹೊಸ ಸೈಕಲ್ಲು. ಪಕ್ಕದಲ್ಲಿ ಗೆಳತಿಯಿಂದ ಕೇಳಿ ತಂದ ಸೈಕಲ್ಲು ಹಿಡಿದು ಹೆಂಡತಿ ನಿಂತಿದ್ದಳು; ಹತ್ತು ಗಂಟೆಗೆ ಅವಳ ಪಾಳಿ, ಹೇಗೂ ದಾರಿ ಕಾರ್ಖಾನೆಗೇ. ಮೆಂಬರು ಮಾತಾಡಿದ, ಹೆಡ್‌ಮಾಸ್ತರು ಮಾತಾಡಿದರು, ಮೈಕು ಮೇಸ್ತ್ರಿಯ ಕೈಗೆ ಬಂತು.

"ನಂಗೆ ಸೈಕಲ್ ಹೊಡೆಯೋಕೆ ಬರಲ್ಲ," ಎಂದ ಮೇಸ್ತ್ರಿ. "ಯಾವತ್ತೂ ಬಂದಿಲ್ಲ. ನಾನು ನಡೆಯೋದು ತತ್ವಕ್ಕಲ್ಲ, ಬರದೇ ಇರೋದಕ್ಕೆ. ಅದು ಹೊರಗೆ ಗೊತ್ತಾಗ್ಬಾರ್ದು ಅಂತ ನಮ್ಮನೆಯವಳನ್ನ ಇಪ್ಪತ್ತಾರು ವರ್ಷ ನಡೆಸಿದೆ. ಅವಳಿಗೆ ಬರುತ್ತೆ. ಮೊದಲ ಸವಾರಿ ಅವಳೇ ಮಾಡ್ತಾಳೆ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂದು ಗಾದೆ. ಮೇಸ್ತ್ರಿ ಆ ಒದೆಗೆ ಸಿದ್ಧನಾಗಿ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದ. ಯಾರೂ ಒದೆಯಲಿಲ್ಲ. ಯಾರೋ ನಕ್ಕರು; ನಗು ಹಿಂದಿನ ಸಾಲಿನವರೆಗೂ ಹರಿಯಿತು; ಆಮೇಲೆ ಚಪ್ಪಾಳೆ. ಹೆಡ್‌ಮಾಸ್ತರು ಒದ್ದೆ ಕಣ್ಣಿನಲ್ಲಿ ಮೈಕು ತೆಗೆದುಕೊಂಡರು. "ಕೇಳಿದಿರಾ? ಮೊದಲ ಸವಾರಿಯ ಗೌರವ ಹೆಂಡತಿಗೆ ಸಲ್ಲಲಿ ಅಂತ, ತಮ್ಮ ಮೇಲೇ ಇಲ್ಲದ ತಪ್ಪು ಹೊರಿಸಿಕೊಂಡರು. ಇಂಥವರು ಈಗಿನ ಕಾಲದಲ್ಲಿ ಸಿಗುತ್ತಾರಾ?" ಚಪ್ಪಾಳೆ ಇಮ್ಮಡಿಯಾಯಿತು. ಮೆಂಬರು ಅವಳ ಕಡೆ ತಿರುಗಿ, "ಅಮ್ಮಾ, ಇಂಥ ಗಂಡ ಸಿಕ್ಕಿದ್ದು ನಿಮ್ಮ ಪುಣ್ಯ," ಎಂದ.

ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ಅವಳು ಯಾರನ್ನೂ ನೋಡಲಿಲ್ಲ. ರಿಬ್ಬನ್ನು ಕತ್ತರಿಸುವವರೆಗೂ ಕಾಯದೆ ಸೈಕಲ್ ಹತ್ತಿ ಅದನ್ನು ಎದೆಯಿಂದಲೇ ಹರಿದುಕೊಂಡು ಹೊರಟುಹೋದಳು.

"ನಿಜ ಹೇಳ್ತಾ ಇದೀನಿ ಕಣ್ರಯ್ಯಾ," ಎಂದ ಮೇಸ್ತ್ರಿ. ಜನ ಇನ್ನೂ ನಕ್ಕರು. ಅವನಿಗೆ ಜೀವನದಲ್ಲಿ ಮೊದಲ ಸಲ ಊರಿನ ಮೇಲೆ ಸಿಟ್ಟು ಬಂತು. ಸುಳ್ಳನ್ನು ಇಷ್ಟು ವರ್ಷ ಕಣ್ಣುಮುಚ್ಚಿ ನಂಬಿದ ಮಂದಿ, ನಿಜವನ್ನು ನಂಬಲು ಸಾಕ್ಷಿ ಕೇಳುತ್ತಾರೆ. ಸರಿ, ಸಾಕ್ಷಿ ತಾನೇ? ನಾನೂರು ಜನರ ಮುಂದೆ ಮುಖ ಅಡಿಯಾಗಿ ಬಿದ್ದರೆ ನಂಬುತ್ತಾರಲ್ಲ. ಹೊಸ ಸೈಕಲ್ಲನ್ನು ಎಳೆದುಕೊಂಡ, ಹತ್ತಿದ, ಬೀಳಲೆಂದೇ ತುಳಿದ. ಹೇಗೂ ಬೀಳುವುದು, ಹ್ಯಾಂಡಲ್ ಹಿಡಿದೇನು ಲಾಭ ಎಂದು ಕೈಯನ್ನು ಸುಮ್ಮನೆ ಮೇಲಿಟ್ಟಿದ್ದ. ಭುಜ ಜೋತುಬಿಟ್ಟಿದ್ದ. ಈಗ ಬೀಳುತ್ತೇನೆ, ಈ ತುಳಿತಕ್ಕೆ ಬೀಳುತ್ತೇನೆ ಎಂದು ಕಾದ.

ಬೀಳಲಿಲ್ಲ.

ಹತ್ತು ಗಜ ಹೋದ, ಐವತ್ತು ಗಜ ಹೋದ. ಹಿಂದೆ ಚಪ್ಪಾಳೆ ಕೇಳಿಸುತ್ತಿತ್ತು, "ಬರಲ್ಲವಂತೆ! ಬರಲ್ಲವಂತೆ!" ಎಂದು ಯಾರೋ ಕೂಗಿ ನಗುತ್ತಿದ್ದರು. ಆಣೆ ಮಾಡಿ ಹೇಳಿದರೂ ಇನ್ನು ಈ ಊರಿನಲ್ಲಿ ಯಾರೂ ನಂಬುವುದಿಲ್ಲ ಎನ್ನುವುದು ಅವನಿಗೆ ಅಲ್ಲೇ, ಆ ಸೀಟಿನ ಮೇಲೇ ತಿಳಿಯಿತು. ನಿಲ್ಲಿಸೋಣವೆಂದರೆ ಇಳಿಯುವುದು ಗೊತ್ತಿಲ್ಲ. ಅಲ್ಲಿಯವರೆಗೆ ಪಾಠವೇ ಮುಂದುವರಿದಿರಲಿಲ್ಲ. ಕಾಲುವೆಯ ನೀರನ್ನು ಒಂದು ಕಣ್ಣಿನಲ್ಲಿ, ದಾರಿಯನ್ನು ಇನ್ನೊಂದು ಕಣ್ಣಿನಲ್ಲಿ ನೋಡುತ್ತ, ಗಾಳಿ ಅಂಗಿಯೊಳಗೆ ತುಂಬಿಕೊಳ್ಳುತ್ತಿದ್ದ ಹಾಗೆ, ಮೂರೂವರೆ ಕಿಲೋಮೀಟರೂ ಹೋಗಿಬಿಟ್ಟ. ಮಧ್ಯದಲ್ಲಿ ಎಲ್ಲೋ ಒಂದು ಕಡೆ ಸಂತೋಷವಾಯಿತು ಎಂಬುದನ್ನು ಮುಚ್ಚಿಡಬಾರದು. ಆ ಸಂತೋಷಕ್ಕೆ ಅವನಿಗೇ ನಾಚಿಕೆಯಾಯಿತು.

ಕಾರ್ಖಾನೆಯ ಗೇಟಿನಲ್ಲಿ ಹೆಂಡತಿ ಸೈಕಲ್ಲಿಗೆ ಬೀಗ ಹಾಕುತ್ತಿದ್ದಳು. ತಲೆಯೆತ್ತಿ ನೋಡಿದವಳು ಹಾಗೇ ನಿಂತಳು. ಮೇಸ್ತ್ರಿ ಅವಳನ್ನು ದಾಟಿ, ಗೇಟಿನ ಕಂಬಕ್ಕೆ ಗುದ್ದಿ, ಪಕ್ಕದ ಬೇಲಿಗೆ ಉರುಳಿದ. ಮುಂದಿನ ಚಕ್ರ ಎಂಟರ ಅಂಕಿಯಾಗಿತ್ತು.

"ಬೀಳೋಕೇ ಹತ್ತಿದ್ದು," ಎಂದ, ಬೇಲಿಯೊಳಗಿಂದ. "ಅವರು ನಂಬ್ಲಿ ಅಂತ. ಬೀಳಲೇ ಇಲ್ಲ ಇವಳೇ, ಏನು ಮಾಡ್ಲಿ?"

"ಬೀಳ್ಬೇಕಾದಾಗ ಬೀಳೋಕೂ ಬರಲ್ಲ ನಿಮಗೆ," ಎಂದಳು. ಕೈಕೊಟ್ಟು ಎಬ್ಬಿಸಿದಳು. ಅವನ ಕೊರಳಿನ ಗುಂಡಿ ಕಿತ್ತುಹೋಗಿತ್ತು. ಅದನ್ನು ನೋಡಿದಳು. ಒಳಗೆ ಸೈರನ್ ಕೂಗಿತು. "ಪಾಳಿ ಶುರುವಾಯ್ತು. ನೀವು ಮನೆಗೆ ಹೋಗಿ."

"ಹೇಗೆ ಹೋಗ್ಲಿ?"

ಅವಳು ಅಷ್ಟರಲ್ಲಿ ಒಳಗೆ ಹೋಗಿಯಾಗಿತ್ತು.

ಸೊಟ್ಟಗಾದ ಮುಂದಿನ ಚಕ್ರವನ್ನು ಎತ್ತಿ ಹಿಡಿದುಕೊಂಡು ಮೇಸ್ತ್ರಿ ವಾಪಸ್ ನಡೆದ. ಊರೊಳಗಿನ ನಡಿಗೆಯೇ ಬೇರೆ. ಅಲ್ಲಿ ಹತ್ತು ಹೆಜ್ಜೆಗೊಂದು ನೆರಳು, ಇಪ್ಪತ್ತು ಹೆಜ್ಜೆಗೊಬ್ಬ ಪರಿಚಯದವನು. ಈ ದಾರಿಯಲ್ಲಿ ಅವನು ಯಾವತ್ತೂ ನಡೆದಿರಲಿಲ್ಲ. ಬಿಸಿಲು ಏರಿತ್ತು, ಒಂದೇ ಒಂದು ಮರವಿರಲಿಲ್ಲ, ಕೂರಲು ಒಂದು ಕಲ್ಲೂ ಇರಲಿಲ್ಲ. ಅರ್ಧ ದಾರಿಗೆ ಅಂಗಾಲು ಉರಿಯತೊಡಗಿತು. ಎದುರಿಗೆ ಹೊಸ ದಾರಿಯಲ್ಲಿ ಸೈಕಲ್ ಹೊಡೆದುಕೊಂಡು ಬಂದವರೆಲ್ಲ ವೇಗ ತಗ್ಗಿಸಿ ನಮಸ್ಕಾರ ಮಾಡಿ ಹೋದರು. "ನೋಡ್ರೋ, ಹೊಡೆಯೋಕೆ ಬಂದ್ರೂ ನಡ್ಕೊಂಡೇ ಹೋಗ್ತಿದಾರೆ," ಎಂದು ಒಬ್ಬ ಇನ್ನೊಬ್ಬನಿಗೆ ಹೇಳುವುದು ಕಿವಿಗೆ ಬಿತ್ತು. ಮೇಸ್ತ್ರಿ ಬೆನ್ನು ಬಾಗಿಸಿಕೊಂಡು ನಡೆಯುತ್ತಿದ್ದ. ಅದನ್ನು ಯಾರೂ ಗಮನಿಸಲಿಲ್ಲ.

ಸಂಜೆ ಅವಳು ಸೈಕಲ್ಲಿನಲ್ಲಿ ಬಂದಳು. ಮೇಸ್ತ್ರಿ ಅಡುಗೆಕೋಣೆಯ ಸ್ಟೂಲಿನ ಮೇಲೆ ಗೋಡೆಗೆ ಒರಗಿ, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದ. ಅವಳನ್ನು ಕಂಡು ಕಾಲು ತೆಗೆಯಲು ಹೋದ. ಬೇಡ ಎಂದು ಕೈಸನ್ನೆ ಮಾಡಿದಳು.

"ದಿನಾ ಇಷ್ಟು ದೂರಾನಾ?" ಎಂದ ಮೇಸ್ತ್ರಿ.

ಅವಳು ಮಂಡಿ ಹಿಡಿದುಕೊಂಡು ಎದುರಿಗೆ ಕೂತಳು.

"ನೀವು ನಡೆದದ್ದು ಬರೋದು ಮಾತ್ರ," ಎಂದಳು. "ಹೋಗೋದು ಬೇರೆ ಇತ್ತು."